ನಾಲ್ಕನೆಯ ಹಸಿರು ಪಟ್ಟಿ

ಫೆಬ್ರವರಿ 8, ಶನಿವಾರ

ಜಿಪ್ ಹಾಕಿಸಲು ಬಂದ ಹೆಂಗಸು ಹೊಲಿಗೆ ಯಂತ್ರದ ಪಕ್ಕದ ಕಂಪ್ಯೂಟರ್ ನೋಡಿ, "ಈ ವಯಸ್ಸಲ್ಲಿ ಇದ್ರಲ್ಲಿ ಏನಮ್ಮ ಮಾಡ್ತೀರಿ?" ಎಂದು ಕೇಳಿದಳು. "ದೆವ್ವ ಹೊಡೀತೀನಿ" ಎಂದೆ. ಪಾಪ, ನಗಲಿಲ್ಲ. ಪ್ಯಾಂಟು ಯಾವತ್ತು ಸಿಗುತ್ತದೆ ಎಂದಷ್ಟೇ ಕೇಳಿ ಹೊರಟಳು.

ಅವಳಿಗೆ ಬಿಡಿಸಿ ಹೇಳಲು ಹೋದರೆ ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತು. ಇಲ್ಲಾದರೂ ಬರೆದುಕೊಳ್ಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಕಾಲು ಮುರಿದುಕೊಂಡು ಮಲಗಿದ್ದಾಗ ತಮ್ಮ ರೈಲು ಹತ್ತಿ ಬಂದು ಈ ಆಟ ಹಾಕಿಕೊಟ್ಟ. "ಸುಮ್ನೆ ಗೋಡೆ ನೋಡ್ಕೊಂಡು ಮಲಗ್ಬೇಡ ಅಕ್ಕಾ, ಇದನ್ನ ನೋಡು" ಎಂದ. ಕಂಪ್ಯೂಟರಿನೊಳಗೆ ಒಂದು ದೇಶ. ಎಲ್ಲೆಲ್ಲಿಯೋ ಇರುವ ಜನ ತಮ್ಮ ಮನೆಯಲ್ಲಿ ಕೂತು, ಒಂದೊಂದು ವೇಷ ತೊಟ್ಟು ಅಲ್ಲಿ ಅಲೆಯುತ್ತಾರೆ, ಗುಂಪು ಕಟ್ಟಿಕೊಂಡು ಗವಿಗಳಿಗೆ ನುಗ್ಗುತ್ತಾರೆ, ಬೆರಳಚ್ಚಿನಲ್ಲೇ ಹರಟೆ ಹೊಡೆಯುತ್ತಾರೆ. ತಮ್ಮನದು ಸುತ್ತಿಗೆ ಹಿಡಿದ ಗಡ್ಡದ ಮುದುಕನ ವೇಷ. ಮುಂದೆ ನಿಂತು ಏಟು ತಿನ್ನುವುದು ಅವನ ಕೆಲಸ. ನಾನು ಹಿಂದೆ ನಿಂತು ಮದ್ದು ಮಾಡುವವಳು. ಪರದೆಯ ಎಡ ಮೂಲೆಯಲ್ಲಿ ತಲೆಗೊಂದರಂತೆ ಹಸಿರು ಪಟ್ಟಿಗಳಿರುತ್ತವೆ. ಏಟು ಬಿದ್ದರೆ ಪಟ್ಟಿ ಕುಗ್ಗುತ್ತದೆ, ನಾನು ಮಂತ್ರ ಹಾಕಿದರೆ ತುಂಬಿಕೊಳ್ಳುತ್ತದೆ, ಪೂರಾ ಬರಿದಾದರೆ ಆಸಾಮಿ ಸತ್ತ. ನನ್ನ ಆಟ ಎಂದರೆ ಇಷ್ಟೇ.

ನಮ್ಮ ಪಡೆಯಲ್ಲಿ ಒಂದು ಕಾಲಕ್ಕೆ ನಲವತ್ತು ಜನ ಇದ್ದರು. ಕಂಪನಿಯವರು ಎರಡು ವರ್ಷಕ್ಕೊಮ್ಮೆ ಆಟಕ್ಕೆ ಹೊಸ ಭಾಗ ಸೇರಿಸುತ್ತಾರೆ. ಸೇರಿಸಿದಾಗಲೆಲ್ಲ ನಮ್ಮವರಲ್ಲಿ ಒಂದಷ್ಟು ಜನ ಉದುರಿದರು. ಈಗ ಉಳಿದವರು ನಾಲ್ವರು: ನಾನು, ತಮ್ಮ, ರೇಖಾಗಣಿತ ಕಲಿಸುವ ಮೇಷ್ಟ್ರು, ಬೇಕರಿ ನಡೆಸುವ ಹೆಂಗಸು. ಕೊನೆಯ ಇಬ್ಬರ ಮುಖ ನಾನು ಕಂಡಿಲ್ಲ. ಪಟ್ಟಿ ಮಾತ್ರ ಚೆನ್ನಾಗಿ ಗೊತ್ತು. ಮೇಷ್ಟ್ರ ಪಟ್ಟಿ ಇಳಿಯುವುದೇ ಇಲ್ಲ, ಅಷ್ಟು ದೂರದಲ್ಲಿ ನಿಂತು ಬಾಣ ಬಿಡುತ್ತಾರೆ. ಬೇಕರಿಯವಳದು ಒಮ್ಮೆಲೇ ತಳ ಸೇರುತ್ತದೆ, ಏಕೆಂದರೆ ಒಲೆಯ ಗಂಟೆ ಬಡಿದರೆ ಯುದ್ಧದ ನಡುವೆಯೇ ಎದ್ದು ಹೋಗುತ್ತಾಳೆ. ತಮ್ಮನದನ್ನು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ನಾನು ನೀರು ಕುಡಿದು ಶಕ್ತಿ ತುಂಬಿಕೊಂಡು ಏಳುವಷ್ಟರಲ್ಲಿ ನುಗ್ಗಿರುತ್ತಾನೆ. ಪಟ್ಟಿ ಧೊಪ್ಪೆಂದು ಅರ್ಧಕ್ಕೆ ಬೀಳುತ್ತದೆ. ಕಾಲುಭಾಗ ಉಳಿದಾಗ ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಕಡೆ ತಿರುಗಿ ನಿಲ್ಲುತ್ತಾನೆ. ಚಿಕ್ಕವನಿದ್ದಾಗ ಶಾಲೆಗೆ ಹೋಗುವಾಗಲೂ ಹೀಗೇ. ಮುಂದೆ ಮುಂದೆ ಓಡುವುದು, ರಸ್ತೆಯ ತಿರುವಿನಲ್ಲಿ ನಿಂತು ಅಕ್ಕ ಬಂದಳೇ ಎಂದು ಹಿಂದಿರುಗಿ ನೋಡುವುದು.

ಬುಧವಾರ ಆರನೆಯ ಹೊಸ ಭಾಗ ಬರುತ್ತದಂತೆ. ನಾನಂತೂ ಹೊಸ ಮೌಸ್ ತಂದಿಟ್ಟುಕೊಂಡಿದ್ದೇನೆ.

ಫೆಬ್ರವರಿ 12, ಬುಧವಾರ

ಬಂತು. ಹಾರುವ ಪ್ರಾಣಿಗಳಂತೆ, ಏಳು ಹೊಸ ಊರಂತೆ. ಕಣ್ಣು ಕುಕ್ಕುವಷ್ಟು ಬಣ್ಣ. ಎಲ್ಲರೂ ತಲೆಯ ಮೇಲೆ ಹಾರಿಹೋಗುತ್ತಾರೆ, ಕೆಳಗೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹಳೆಯ ಕೋಟೆಯ ಊರು ಬಿಕೋ ಎನ್ನುತ್ತಿದೆ.

ಅಲ್ಲಿಯೇ ನಮ್ಮ ಪಡೆಮನೆ ಇರುವುದು. ಒಂದು ವರ್ಷವಿಡೀ ಕಲ್ಲು ಹೊತ್ತು, ಮರ ಕಡಿದು ನಾವೇ ಎಬ್ಬಿಸಿದ್ದು. ಅದಕ್ಕೂ ಹೊಸ ನಿಯಮ ತಂದಿದ್ದಾರೆ. ತಿಂಗಳಿಗೊಮ್ಮೆಯಾದರೂ ಪಡೆಯ ನಾಲ್ವರು ಒಟ್ಟಿಗೆ ಗವಿಗೆ ಹೋಗಿಬರಬೇಕು, ಇಲ್ಲದಿದ್ದರೆ ಮನೆ ಕಂಪನಿಯ ಪಾಲು. "ನಾವು ಕರೆಕ್ಟಾಗಿ ನಾಲ್ಕೇ ಜನ ಇದ್ದೀವಿ. ಯಾರೂ ಸಾಯ್ಬೇಡಿ" ಎಂದರು ಮೇಷ್ಟ್ರು.

ತಮ್ಮ ನಗಲಿಲ್ಲ. ಹೊಸ ಊರಿನ ಬಾಗಿಲಲ್ಲೇ ಒಂದು ಹಂದಿ ಹೊಡೆದ. ಅದರ ಹೊಟ್ಟೆಯಿಂದ ಒಂದು ಸುತ್ತಿಗೆ ಬಿತ್ತು. ನಾವು ನಾಲ್ವರೂ ಎರಡು ವರ್ಷ ಗವಿಯಿಂದ ಗವಿಗೆ ಅಲೆದು ಅವನಿಗೆ ಕೊಡಿಸಿದ ಬೆಳ್ಳಿ ಸುತ್ತಿಗೆಗಿಂತ ಅದು ಗಟ್ಟಿ. ಬೆಳ್ಳಿ ಸುತ್ತಿಗೆ ಸಿಕ್ಕ ದಿನ ಬೇಕರಿಯವಳು ಖುಷಿಗೆ ಒಂದು ತಟ್ಟೆ ಬ್ರೆಡ್ಡನ್ನೇ ಕರಕಲು ಮಾಡಿಕೊಂಡಿದ್ದಳು. ಈಗ ಒಂದು ಹಂದಿ.

ಫೆಬ್ರವರಿ 15, ಶನಿವಾರ

ಇವತ್ತು ತಮ್ಮ ಆಟ ಬಿಟ್ಟ.

ಪಡೆಮನೆಯಲ್ಲಿ ಎಲ್ಲರೂ ಕೂತಿದ್ದೆವು. "ಅಕ್ಕಾ, ನಂಗೆ ಸಾಕಾಯ್ತು" ಎಂದು ಬರೆದ.

"ಒಂದು ಸುತ್ತಿಗೆಗೆ ಇಷ್ಟು ರಂಪಾನಾ?" ಎಂದೆ.

"ಸುತ್ತಿಗೆಗಲ್ಲ ಅಕ್ಕಾ. ಪ್ರತೀ ಸಲ ಇದೇ ಹಾಡು. ನಾವು ಏದುಸಿರು ಬಿಡ್ತಾ ಮೆಟ್ಲು ಹತ್ತೋದು, ಅವ್ರು ಬಂದು ಪಕ್ಕದಲ್ಲೇ ಲಿಫ್ಟ್ ಇಡೋದು. ಹತ್ತಿದ್ದು ಯಾಕೆ ಹಾಗಾದ್ರೆ?"

"ಲಿಫ್ಟ್ ರಿಪೇರಿ ಮಾಡೋನು ನೀನು, ಲಿಫ್ಟಿಗೇ ಬೈತೀಯಲ್ಲಪ್ಪಾ" ಎಂದರು ಮೇಷ್ಟ್ರು. ಬೇಕರಿಯವಳು ನಗುವ ಮುಖ ಹಾಕಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನು ಬಿಡಲಿಲ್ಲ.

"ಹೋಗೋರಿಗೆ ಒಂದು ನೆಪ ಬೇಕಷ್ಟೆ. ಮನೇಲಿ ಹೆಂಡ್ತಿ ಕಣ್ಣು ಕೆಂಪು ಮಾಡಿರ್ತಾಳೆ, ಪಾಪ ಸುತ್ತಿಗೆ ಮೇಲೆ ಹಾಕ್ತಿದ್ದಾನೆ" ಎಂದು ಬರೆದೆ. ಎಲ್ಲರ ಮುಂದೆ.

"ಅವಳ ಸುದ್ದಿ ಯಾಕೆ ಇಲ್ಲಿ?" ಎಂದ. ಗಡ್ಡದ ಮುದುಕ ಎದ್ದು, ಬೆಳ್ಳಿ ಸುತ್ತಿಗೆಯನ್ನು ಪಡೆಮನೆಯ ಪೆಟ್ಟಿಗೆಯಲ್ಲಿಟ್ಟು, ಬಾಗಿಲವರೆಗೆ ಹೋದ. ಅಲ್ಲೊಮ್ಮೆ ತಿರುಗಿ ನಿಲ್ಲುತ್ತಾನೆ ಎಂದುಕೊಂಡೆ. ಹೆಸರು ಬೂದು ಬಣ್ಣಕ್ಕೆ ತಿರುಗಿತು, ಆಟದಿಂದ ಹೊರಗೆ ಹೋಗಿದ್ದ.

ಹೋಗಲಿ. ಹೊಟ್ಟೆ ಚುರ್ ಎಂದಾಗ ತಾನೇ ಬರುತ್ತಾನೆ.

ಫೆಬ್ರವರಿ 16, ಭಾನುವಾರ

ಬರಲಿಲ್ಲ.

ಫೆಬ್ರವರಿ 20, ಗುರುವಾರ

ಫೋನ್ ಮಾಡಿದೆ. ಎಂದಿನಂತೆಯೇ ಆಯಿತು.

"ಊಟ ಆಯ್ತಾ?"

"ಆಯ್ತು ಅಕ್ಕಾ. ನಿಂದು?"

"ಆಯ್ತು. ಮೊಣಕಾಲು ಹಾಗೇ ಇದೆ."

"ಡಾಕ್ಟ್ರಿಗೆ ತೋರ್ಸು."

"ತೋರಿಸ್ತೀನಿ. ಅವಳು ಚೆನ್ನಾಗಿದ್ದಾಳಾ?"

"ಇದ್ದಾಳೆ."

"ಸರಿ ಹಾಗಾದ್ರೆ."

"ಸರಿ ಅಕ್ಕಾ."

ನಮಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಆಟದಲ್ಲಾದರೆ ಗಂಟೆಗಟ್ಟಲೆ. ಯಾವ ಬೂಟು ಒಳ್ಳೆಯದು, ಯಾವ ಗವಿಯ ರಾಕ್ಷಸ ಎಡಕ್ಕೆ ಬೆಂಕಿ ಉಗುಳುತ್ತಾನೆ, ಯಾರು ಎಲ್ಲಿ ಜಾರಿ ಬಿದ್ದರು. ಬೂಟಿನ ಮಾತು ಆಡುತ್ತ ಆಡುತ್ತ ಒಂದು ದಿನ, "ಅಕ್ಕಾ, ಡಾಕ್ಟ್ರು ನಮಗೆ ಮಕ್ಕಳಾಗಲ್ಲ ಅಂದ್ರು" ಎಂದು ಬರೆದಿದ್ದ. ನಾನು, "ಹಿಂದೆ ಬಾ, ನಿನ್ನ ಪಟ್ಟಿ ಇಳೀತಿದೆ" ಎಂದು ಬರೆದಿದ್ದೆ. ಆಮೇಲೆ ಅವತ್ತೆಲ್ಲ ಒಂದೇ ಗವಿಗೆ ಮತ್ತೆ ಮತ್ತೆ ಹೋಗುತ್ತಿದ್ದೆವು. ಅಂಥ ಮಾತು ಫೋನಿನಲ್ಲಿ ಎಲ್ಲಿ ಇಡುವುದು?

ಫೆಬ್ರವರಿ 26, ಬುಧವಾರ

ಮೂವರೇ ಗವಿಗೆ ಹೋದೆವು. ಮೇಷ್ಟ್ರು ಮುಂದೆ ನಿಲ್ಲುತ್ತೇನೆ ಎಂದರು. ಅವರ ಪಟ್ಟಿ ಇಳಿಯುವುದನ್ನು ಇದೇ ಮೊದಲು ನೋಡಿದ್ದು. ಭಯವಾಗಿ ಮಂತ್ರ ತಪ್ಪಿತು. ಮೂವರೂ ಸತ್ತೆವು.

ಈ ತಿಂಗಳ ಲೆಕ್ಕ ತಪ್ಪಿತು, ಪಡೆಮನೆ ಹೋಯಿತು ಎಂದುಕೊಂಡಿದ್ದೆ. ಬೇಕರಿಯವಳು ನಿಯಮ ಓದಿ ನೋಡಿದಳು, ಲೆಕ್ಕ ಮಾರ್ಚಿನಿಂದ ಶುರುವಂತೆ. ಕೋಟೆಯ ಊರಿನ ಹಲಗೆಯ ಮೇಲೆ ಸೂಚನೆ ಅಂಟಿಸಿದೆ: "ನಾಲ್ಕನೆಯವರು ಬೇಕು. ಹೊಸಬರಾದರೂ ಆದೀತು. ಬೈಯುವುದಿಲ್ಲ." ಮೇಷ್ಟ್ರು ಅದರ ಕೆಳಗೆ ಸೇರಿಸಿದರು: "ಅಕ್ಕ ಬೈಯುತ್ತಾರೆ. ಬನ್ನಿ."

ತಮ್ಮಾ, ನೀನಿದ್ದಿದ್ದರೆ ಇಷ್ಟಕ್ಕೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮಾರ್ಚ್ 5, ಬುಧವಾರ

ಒಬ್ಬರು ಬಂದಿದ್ದಾರೆ. ಗುರಾಣಿ ಹಿಡಿದ ಎತ್ತರದ ಹುಡುಗಿಯ ವೇಷ. ವೇಷ ನೋಡಿ ಆಳು ಯಾರೆಂದು ಹೇಳಲಾಗುವುದಿಲ್ಲ. ಮೇಷ್ಟ್ರದೇ ಚಿನ್ನದ ಜಡೆಯ ಕನ್ಯೆಯ ವೇಷ. ಮಾತು ಕಡಿಮೆ. "ನಮಸ್ಕಾರ. ನಾನು ಹೊಸಬಳು/ಹೊಸಬ, ಯಾವುದು ಬೇಕೋ ಇಟ್ಕೊಳ್ಳಿ" ಎಂದಿತು ಆ ಆಸಾಮಿ. ಬೇಕರಿಯವಳು 'ಹೊಸಬ' ಎಂದೇ ಹೆಸರಿಟ್ಟಳು.

ಗವಿಯ ಬಾಗಿಲಲ್ಲಿ ನಾನು ನೀರು ಕುಡಿಯಲು ಕೂತೆ. ಹೊಸಬ ನುಗ್ಗಿಬಿಟ್ಟ. ಪಟ್ಟಿ ಧೊಪ್ಪೆಂದು ಅರ್ಧಕ್ಕೆ ಬಿತ್ತು. ಅಯ್ಯೋ ಎಂದು ಎದ್ದು ಓಡಿದೆ. ಕಾಲುಭಾಗ ಉಳಿದಿತ್ತು. ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಕಡೆ ತಿರುಗಿ ನಿಂತ.

ಮಂತ್ರ ಹಾಕಿದೆ. ಈ ನಿಲುವು ನನಗೆ ಗೊತ್ತು.

ಇನ್ನೊಬ್ಬ ದರ್ಜಿ ಹೊಲಿದ ಬಟ್ಟೆಯ ಹೊಲಿಗೆ ಬಿಚ್ಚುವಾಗ ಟಾಕು ನೋಡಿದರೆ ಸಾಕು, ಕೈ ಯಾರದೆಂದು ಹೇಳುತ್ತೇನೆ. ಈ ಬೀದಿಯ ಮೂವರ ಕೈ ನನಗೆ ಗೊತ್ತು. ಇದೂ ಹಾಗೆಯೇ. ವೇಷ ಬದಲಿಸಿಕೊಂಡರೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ ಕಳ್ಳಾ?

ಯಾರಿಗೂ ಹೇಳಲಿಲ್ಲ. ಮುನಿಸಿಕೊಂಡು ಹೋದವನು ಹಿಂದಿನ ಬಾಗಿಲಿನಿಂದ ಬಂದರೆ, ಬಂದೆಯಾ ಎಂದು ಕೇಳಬಾರದು. ತಟ್ಟೆ ಇಡಬೇಕು.

ಮಾರ್ಚ್ 9, ಭಾನುವಾರ

ಈ ವಾರವೆಲ್ಲ ಸಂಜೆ ಒಟ್ಟಿಗೇ ಆಡಿದೆವು. ಮಾರ್ಚಿನ ಲೆಕ್ಕ ಆಯಿತು, ಪಡೆಮನೆ ಉಳಿಯಿತು. ಅಂಗಡಿಯಲ್ಲಿ ಮದುವೆ ಗೌನಿನ ಅಂಚು ಮಡಿಸುತ್ತ ಹಾಡು ಗುನುಗುತ್ತಿದ್ದೆನಂತೆ. ಗಿರಾಕಿ ಹೇಳಿದಳು.

ಏನೂ ಗೊತ್ತಿಲ್ಲದವನ ಹಾಗೆ ನಟಿಸುತ್ತೀಯ. "ಅಕ್ಕಾ, ಬಾವಿ ನೀರು ಕುಡಿದ್ರೆ ಏನಾಗುತ್ತೆ?" "ಅಕ್ಕಾ, ಈ ಮೇಕೆನ ಹೊಡೀಬಹುದಾ?" ಹನ್ನೊಂದು ವರ್ಷ ಆಡಿದವನು ಮೇಕೆಯ ವಿಷಯ ಕೇಳುತ್ತಾನೆ! ನಾನೂ ಬಿಡಲಿಲ್ಲ. "ಮೇಕೆ ಪಾಪದ್ದು ಕಣಪ್ಪಾ, ಬಿಡು" ಎಂದು ಪಾಠ ಹೇಳಿದೆ. ಮೇಷ್ಟ್ರು, "ಅಕ್ಕ ಇಷ್ಟು ತಾಳ್ಮೆಯಿಂದ ಇದ್ದದ್ದು ನಾನು ನೋಡೇ ಇಲ್ಲ, ಜ್ವರವೇ?" ಎಂದರು.

ಮಾರ್ಚ್ 12, ಬುಧವಾರ

ಇವತ್ತು ಹೊಸಬನೂ ನಾನೂ ಇಬ್ಬರೇ ಇದ್ದೆವು. ಪಡೆಮನೆಯ ಒಲೆಯ ಮುಂದೆ ಕೂತು, ಸುತ್ತಿ ಬಳಸಿ ಒಂದು ಮಾತು ತೆಗೆದೆ. ನೇರವಾಗಿ ಕೇಳಿದರೆ ಓಡಿಹೋಗುತ್ತೀಯ ಎಂದು.

"ಇಷ್ಟು ಹೊತ್ತು ಆಡ್ತೀಯಲ್ಲ, ಮನೇಲಿ ಯಾರೂ ಬೈಯಲ್ವಾ?"

"ಇಲ್ಲಕ್ಕ. ಯಾಕೆ ಬೈತಾರೆ?"

"ನನಗೊಬ್ಬ ತಮ್ಮ ಇದ್ದಾನೆ. ನಾನು ಅವನಿಗೆ ಎಲ್ಲರ ಮುಂದೆ ಒಂದು ಮಾತು ಅಂದ್ಬಿಟ್ಟೆ. ಅನ್ನಬಾರದಿತ್ತು."

"ಹೋಗ್ಲಿ ಬಿಡಿ. ಅವ್ರು ಮರೆತಿರ್ತಾರೆ."

ಮನಸ್ಸು ಹಗುರವಾಯಿತು, ಅಲ್ಲಿಗೇ ನಿಲ್ಲಿಸಬೇಕಿತ್ತು. ನಾಲಿಗೆ, ಅಲ್ಲ, ಬೆರಳು ನಿಲ್ಲಲಿಲ್ಲ. "ಅವನದು ತಪ್ಪಿಲ್ಲ. ಅವನ ಹೆಂಡ್ತಿಗೆ ನನ್ನ ಕಂಡ್ರೆ ಆಗಲ್ಲ. ಒಂದ್ಸಲ ಇಬ್ರೂ ನನ್ನ ಮನೆಗೆ ಬಂದಿದ್ರು. ಇದ್ದಷ್ಟು ದಿನ ಅವಳು ನನ್ನ ಕಿಟಕಿ ಗಾಜು ಒರೆಸ್ತಾನೇ ಇದ್ಲು. ಒಂದು ಮಾತಿಲ್ಲ, ಕತೆಯಿಲ್ಲ. ನನ್ನ ಮನೆ ಕೊಳಕು ಅಂತ ಬಾಯಲ್ಲಿ ಹೇಳಿದ್ರೂ ಅಷ್ಟು ನೋವಾಗ್ತಿರಲಿಲ್ಲ" ಎಂದೆ.

ನೀನು ಏನಾದರೂ ಹೇಳುತ್ತೀಯ ಎಂದು ಕಾದೆ. ಅವಳ ಪರವಾಗಿ ಜಗಳವಾದರೂ ಆಡುತ್ತೀಯ ಎಂದು. "ಅಕ್ಕ, ಸ್ವಲ್ಪ ಕೆಲಸ ಇದೆ" ಎಂದು ಬಂತು. ಹೆಸರು ಬೂದಾಯಿತು.

ಮಾರ್ಚ್ 13, ಗುರುವಾರ

ಹೊಸಬ ಇಲ್ಲ.

ಮಾರ್ಚ್ 15, ಶನಿವಾರ

ಇಲ್ಲ. ಒಂದೇ ಕೋಟಿನ ತೋಳನ್ನು ಎರಡು ಸಲ ಹೊಲಿದೆ, ಎರಡು ಸಲವೂ ತಿರುಗುಮುರುಗು.

ಮಾರ್ಚ್ 19, ಬುಧವಾರ

ಅಂಗಡಿ ಮುಚ್ಚಿದ ಮೇಲೆ ಬರೆಯುತ್ತಿದ್ದೇನೆ.

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಆಟ ತೆರೆದರೆ ಹೊಸಬ ಇದ್ದ! ಕೋಟೆಯಾಚೆಯ ತೋಳಗಳ ಬಯಲಿನಲ್ಲಿ ಒಬ್ಬನೇ. ಓಡಿಹೋಗಿ ಜೊತೆ ಸೇರಿಕೊಂಡೆ. ಇನ್ನು ಈ ಕಣ್ಣಾಮುಚ್ಚಾಲೆ ಬೇಡ ಎನಿಸಿತು. ಆಟದಲ್ಲಿ ಕೇಳಿದರೆ ಮತ್ತೆ ಬೂದಾಗುತ್ತಾನೆ. ಅವನು ಆಡುತ್ತಿರುವಾಗಲೇ ಫೋನ್ ಹಚ್ಚಿಬಿಡೋಣ, ಸಿಕ್ಕಿಬಿದ್ದೆ ನೋಡು ಎಂದು ನಗೋಣ ಎಂದುಕೊಂಡೆ.

ಹಚ್ಚಿದೆ. ಎತ್ತಿದ. ಧ್ವನಿ ಕೊಡದೊಳಗಿಂದ ಬಂದಂತೆ ಗುಂಯ್‌ಗುಟ್ಟುತ್ತಿತ್ತು.

"ಅಕ್ಕಾ? ಏನಾಯ್ತು ಈ ಹೊತ್ತಲ್ಲಿ? ಹುಷಾರಾಗಿದ್ದೀಯಾ?"

"ಎಲ್ಲಿದ್ದೀಯೋ?"

"ಲಿಫ್ಟಿನ ಗುಂಡಿಯೊಳಗೆ. ಆಸ್ಪತ್ರೆ ಲಿಫ್ಟು, ಹಗ್ಗ ಬದಲಾಯಿಸ್ತಿದ್ದೀವಿ. ಯಾಕೆ?"

ಪರದೆಯ ಮೇಲೆ ಗುರಾಣಿ ಹುಡುಗಿ ಮೂರು ತೋಳಗಳ ನಡುವೆ ನುಗ್ಗಿದಳು. ಪಟ್ಟಿ ಧೊಪ್ಪೆಂದು ಅರ್ಧಕ್ಕೆ ಬಿತ್ತು.

"ಸುಳ್ಳು ಹೇಳ್ಬೇಡ" ಎಂದೆ. ಅಷ್ಟರಲ್ಲಿ ಯಾರೋ ಅವನನ್ನು ಕರೆದದ್ದು ಕೇಳಿಸಿತು, "ಏ, ಸ್ಪ್ಯಾನರ್ ಕೊಡು ಮಾರಾಯ" ಎಂದು. ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು. ನನ್ನೆದುರು ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಕಡೆ ತಿರುಗಿ ನಿಂತಳು.

"ಹಾಗಾದ್ರೆ ಇಲ್ಲಿ ನಿನ್ನ ಥರಾನೇ ಆಡ್ತಿರೋದು ಯಾರೋ?"

ಅವನು ಮೆಲ್ಲಗೆ, "ಅಲ್ಲಿದ್ದಾಳಾ ಅವಳು? ಹೌದು, ಅವಳಿಗೆ ಇವತ್ತು ರಜೆ" ಎಂದ.

ನನಗೆ ತೋಳವೂ ಕಾಣಲಿಲ್ಲ, ಪಟ್ಟಿಯೂ ಕಾಣಲಿಲ್ಲ.

"ನಾನು ಇನ್ನು ಆಡಲ್ಲ ಅಂದೆ ಅಕ್ಕಾ. ಅವಳು ನನ್ನೇ ಗುರಾಯಿಸಿದ್ಲು. ಹಾಗಾದ್ರೆ ಅಕ್ಕನ ಹತ್ರ ಎಲ್ಲಿ ಮಾತಾಡ್ತೀರಿ ಅಂದ್ಲು. ಫೋನಲ್ಲಿ ಅಂದೆ. ಅದಕ್ಕೆ ನಕ್ಕುಬಿಟ್ಲು. ಆಮೇಲೆ ನನ್ನ ಕಂಪ್ಯೂಟರಲ್ಲಿ ಆಟ ತೆಗೆದು, ಹಲಗೆ ಮೇಲಿದ್ದ ನಿನ್ನ ಸೂಚನೆ ತೋರಿಸಿ, ನಂಗೆ ಆಡೋಕೆ ಹೇಳ್ಕೊಡಿ ಅಂದ್ಲು. ದಿನಾ ಕುರ್ಚಿ ಹಿಂದೆ ನಿಂತು ಹೇಳ್ಕೊಟ್ಟಿದ್ದು ನಾನೇ. ನಿಂಗೆ ಹೇಳ್ಬೇಡ ಅಂತ ಅವಳದೇ ಕಟ್ಟಪ್ಪಣೆ. ಚೆನ್ನಾಗಿ ಆಡೋಕೆ ಬಂದ್ಮೇಲೆ ಹೇಳ್ತೀನಿ ಅಂದ್ಲು."

"ಹೋದ ವಾರ ನೀನು ಹಿಂದೆ ನಿಂತಿದ್ಯಾ? ಬುಧವಾರ?"

"ಇಲ್ಲ, ಓವರ್‌ಟೈಮ್ ಇತ್ತು. ಯಾಕೆ, ಏನಾದ್ರೂ ಹೇಳಿದ್ಲಾ?"

ಅವಳು ಅವನಿಗೆ ಏನೂ ಹೇಳಿಲ್ಲ. ಕಿಟಕಿಯ ಮಾತನ್ನು ಒಬ್ಬಳೇ ನುಂಗಿಕೊಂಡಿದ್ದಾಳೆ.

ನಾನು ದರ್ಜಿ. ಗುರುವಿನ ಕೈಯ ಟಾಕು ಶಿಷ್ಯೆಯ ಕೈಗೂ ಬರುತ್ತದೆ ಎನ್ನುವುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ನನ್ನ ಹತ್ತಿರ ಕಲಿತು ಹೋದ ಹುಡುಗಿಯರ ಹೊಲಿಗೆಯನ್ನು ನಾನೇ ನನ್ನದೆಂದುಕೊಂಡು ಎಷ್ಟು ಸಲ ಮೋಸ ಹೋಗಿಲ್ಲ!

ತಮ್ಮ ಫೋನ್ ಇಡಲಿಲ್ಲ. ಹಗ್ಗದ ವಿಷಯ ಹೇಳಿದ, ಆಸ್ಪತ್ರೆಯ ವಿಷಯ ಹೇಳಿದ, ಅವಳು ಮೇಕೆಗೆ ಹೆದರಿ ಓಡಿದ ದಿನದ ವಿಷಯ ಹೇಳಿ ನಕ್ಕ. ಮೇಲಿನವನು ಬೈದ ಮೇಲೆಯೇ ಇಟ್ಟದ್ದು. ಪರದೆ ನೋಡಿದರೆ ಹುಡುಗಿ ಸತ್ತು ಬಿದ್ದಿದ್ದಳು. ನಾನೂ.

ಮಾರ್ಚ್ 20, ಗುರುವಾರ

ಪಡೆಮನೆಯಲ್ಲಿ ಕಾದು ಕೂತಿದ್ದಳು. ನಾನು ಒಳಗೆ ಬಂದೊಡನೆ ಬರೆದಳು:

"ಅತ್ತಿಗೆ, ಅವ್ರು ಹೇಳಿದ್ರು. ನಿಮಗೆ ಗೊತ್ತಾಯ್ತಂತೆ."

ಇಷ್ಟು ದಿನ ಎಲ್ಲರಂತೆ ಅಕ್ಕ ಎನ್ನುತ್ತಿದ್ದವಳು.

ಕ್ಷಮಿಸು ಎಂದು ಬರೆದೆ, ಅಳಿಸಿದೆ. ಇನ್ನೇನೋ ಬರೆದೆ, ಅಳಿಸಿದೆ. ಅಷ್ಟರಲ್ಲಿ ಅವಳದೇ ಬಂತು.

"ಕಿಟಕಿ ವಿಷಯ. ನಿಮ್ಮನೆ ಕೊಳಕು ಅಂತಲ್ಲ ಅತ್ತಿಗೆ. ನೀವಿಬ್ರೂ ಬೆಳಗಿಂದ ಸಂಜೆವರೆಗೆ ಗವಿ, ಬೂಟು, ಸುತ್ತಿಗೆ ಅಂತ ಮಾತಾಡ್ತಿದ್ರಿ. ನಂಗೆ ಒಂದು ಅಕ್ಷರ ಅರ್ಥ ಆಗ್ತಿರಲಿಲ್ಲ. ನಡುವೆ ಸುಮ್ನೆ ಕೂತಿರೋಕೆ ಆಗಲಿಲ್ಲ. ಕೈಗೆ ಏನಾದ್ರೂ ಬೇಕಿತ್ತು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡೋಳು, ಗಾಜು ಕಂಡ್ರೆ ಒರೆಸ್ತೀನಿ."

ನಾನು ಎದ್ದು ಅಂಗಡಿಯ ಹಿಂದಿರುವ ನನ್ನ ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತೆ. ಅವತ್ತಿನ ನಂತರ ಅದನ್ನು ಯಾರೂ ಒರೆಸಿಲ್ಲ. ನಾನೂ ಒರೆಸಿಲ್ಲ, ಹಟಕ್ಕೆ.

ಬಂದು ಕೂತು ಬರೆದೆ: "ಮತ್ತೆ ಅವನ ಥರ ನುಗ್ಗೋದು ಯಾಕೆ ಕಲಿತೆ? ನಾನು ನೀರು ಕುಡಿಯೋತನಕ ಕಾಯ್ಬೇಕು."

"ಕಾಯ್ಬೇಕಾ? ಅವ್ರು ಹೇಳೇ ಇಲ್ಲ! ಅಕ್ಕ ಬರ್ತಾಳೆ, ನುಗ್ಗು ಅಂತಾರೆ."

ಏಪ್ರಿಲ್ 3, ಗುರುವಾರ

ಕಂಪನಿಯ ಪ್ರಕಟಣೆ. ಹೊಸ ಭಾಗ ಕೊಂಡವರಿಗೆಲ್ಲ ಇನ್ನು ಮುಂದೆ ಒಂದೊಂದು ಪಡೆಮನೆ ಪುಕ್ಕಟೆ. ಒಬ್ಬರೇ ಇದ್ದರೂ ಸರಿ. ಹಾರುವ ಮನೆಯಂತೆ, ಬೇಕಾದ ಬಣ್ಣವಂತೆ. ಹಳೆಯ ಪಡೆಮನೆಗಳನ್ನು ಏಪ್ರಿಲ್ ಕೊನೆಯ ದಿನ ತೆಗೆದುಹಾಕುತ್ತಾರಂತೆ, ಊರು ಚೊಕ್ಕಟ ಮಾಡಲು.

ನಾನು ಕತ್ತರಿ ಮೇಜಿನ ಮೇಲೆ ಕುಕ್ಕಿದೆ. ನಾಲ್ಕು ಜನ ನಾಲ್ಕು ಜನ ಎಂದು ಒದ್ದಾಡಿದ್ದೇ ಒದ್ದಾಡಿದ್ದು. ಕಂಪನಿಗೆ ದೊಡ್ಡದೊಂದು ಕಾಗದ ಬರೆಯಬೇಕೆಂದು ಕೂತೆ. ಮೊದಲನೇ ಸಾಲಿನಲ್ಲೇ ಸಿಟ್ಟು ಮುಗಿದು ಅಳು ಬಂತು, ಬಿಟ್ಟೆ.

ತಮ್ಮನಿಗೆ ಫೋನ್ ಮಾಡಿ, "ನೀನು ಹೇಳಿದ್ದೇ ಸರಿ ಕಣೋ" ಎಂದೆ. "ಸರಿ ಆಗ್ಬಾರದಿತ್ತು ಅಕ್ಕಾ. ನಂಗೂ ಬೇಜಾರಾಯ್ತು, ನಾನೂ ಕಲ್ಲು ಹೊತ್ತಿದ್ದೆ" ಎಂದ. ಆಮೇಲೆ, ಯಾವ ಕಲ್ಲನ್ನು ಯಾರು ಹೊತ್ತರು ಎಂದು ಬಹಳ ಹೊತ್ತು ವಾದ ಮಾಡಿದೆವು.

ಏಪ್ರಿಲ್ 13, ಭಾನುವಾರ

ಮೇಷ್ಟ್ರು ಹೊರಟರು. ಚಿನ್ನದ ಜಡೆಯ ಕನ್ಯೆ ಪಡೆಮನೆಯ ನಡುವೆ ನಿಂತು ಭಾಷಣ ಮಾಡಿತು. "ಈ ಆಟ ಕೆಟ್ಟದ್ದಲ್ಲ. ಇದನ್ನ ಮಾಡಿದವರೂ ಕೆಟ್ಟವರಲ್ಲ. ಅವರಿಗೆ ಹೊಸಬರು ಬೇಕು, ನಮಗೆ ಹಳೇದು ಬೇಕು. ಎರಡು ಸಮಾಂತರ ರೇಖೆ ಎಳೆದು ಸೇರಿಸಿ ಅಂದ್ರೆ ನಾನೇ ಸೊನ್ನೆ ಕೊಡ್ತೀನಿ." ಬೇಕರಿಯವಳು ಅಳುವ ಮುಖ ಹಾಕುತ್ತಿದ್ದಳು, ಒಲೆಯ ಗಂಟೆ ಬಡಿದಿರಬೇಕು, ಅರ್ಧಕ್ಕೇ ಎದ್ದು ಹೋದಳು. ಮೇಷ್ಟ್ರಿಗೆ ತಡೆಯಲಾಗದ ನಗು. ನಗುತ್ತಲೇ ಹೋದರು.

ಅವರ ಪಟ್ಟಿ ತುಂಬಿಯೇ ಇತ್ತು, ಎಂದಿನಂತೆ.

ಏಪ್ರಿಲ್ 19, ಶನಿವಾರ

ಅಂಚೆಯಲ್ಲಿ ಒಂದು ಡಬ್ಬಿ ಬಂತು. ಕಿವಿಗೆ ಹಾಕಿಕೊಂಡು ಮಾತಾಡುವ ಯಂತ್ರ, ಜೊತೆಗೆ ಗಾಜು ಒರೆಸುವ ಮೆತ್ತನೆಯ ಬಟ್ಟೆ ನಾಲ್ಕು. ಚೀಟಿಯಲ್ಲಿ, "ಅತ್ತಿಗೆ, ಬಟ್ಟೆ ತಮಾಷೆಗೆ. ಕೋಪ ಮಾಡ್ಕೋಬೇಡಿ" ಎಂದಿತ್ತು. ಹುಡುಗಿಗೆ ಧೈರ್ಯ ಬಂದಿದೆ.

ಕಿಟಕಿ ಒರೆಸಿದೆ. ಎದುರು ಮನೆಯ ಮಹಡಿಯಲ್ಲಿ ಹೂವಿನ ಕುಂಡಗಳಿವೆ. ಯಾವಾಗಿಂದಲೋ.

ಮೇ 2, ಶುಕ್ರವಾರ

ಎರಡು ವಾರದಿಂದ ಬರೆದಿಲ್ಲ, ಶಾಲೆಯ ಸಮವಸ್ತ್ರಗಳ ರಾಶಿ ಬಂದಿದೆ. ಆದರೂ ಸಂಜೆ ಒಂದು ಗಳಿಗೆ ಆಟಕ್ಕೆ ಹೋಗುತ್ತೇವೆ, ಅವಳೂ ನಾನೂ. ಈಗ ಕಿವಿಯ ಯಂತ್ರದಲ್ಲಿ ಮಾತು. ಅವಳ ಮನೆಯ ಕುಕ್ಕರ್ ಕೂಗುವುದು ನನಗೆ ಕೇಳುತ್ತದೆ, ನನ್ನ ಹೊಲಿಗೆ ಯಂತ್ರದ ಸದ್ದು ಅವಳಿಗೆ. ಹಿಂದಿನಿಂದ ತಮ್ಮನೂ ಬಾಯಿ ಹಾಕುತ್ತಾನೆ. ಆಡುವುದಿಲ್ಲವಂತೆ, ಸುಮ್ಮನೆ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನಂತೆ. ಅವನ 'ಸುಮ್ಮನೆ' ಎಂದರೆ ಇಡೀ ಹೊತ್ತು ವಟಗುಟ್ಟುವುದು.

ತೋಳಗಳ ಬಯಲು ದಾಟುವಾಗ ಅವಳು ಕೇಳಿದಳು, "ಅತ್ತಿಗೆ, ಆ ಬೆಟ್ಟದ ಮೇಲೆ ದೀಪ ಉರೀತಿದೆಯಲ್ಲ, ಅದೇನು?"

ಯಾವ ಬೆಟ್ಟ, ಎಂದೆ. ಆ ಬಯಲಿನಲ್ಲಿ ನಾನು ತಿರುಗದ ದಿನವಿಲ್ಲ. ಹನ್ನೊಂದು ವರ್ಷ ನಾನು ನೋಡಿದ್ದು ಪರದೆಯ ಎಡ ಮೂಲೆಯನ್ನು ಮಾತ್ರ. ಕಣ್ಣೆತ್ತಿ ನೋಡಿದೆ. ಹೌದು, ಬೆಟ್ಟ. ತುದಿಯಲ್ಲೊಂದು ದೀಪ.

"ಅಲ್ಲೇನೂ ಇಲ್ಲ ಅಕ್ಕಾ, ಟೈಮ್ ವೇಸ್ಟು" ಎಂದ ತಮ್ಮ ಹಿಂದಿನಿಂದ.

"ನೀವು ಹೋಗಿದ್ದೀರಾ?" ಎಂದಳು ಅವಳು.

"ಇಲ್ಲ."

"ಮತ್ತೆ ಸುಮ್ನಿರಿ."

ಹತ್ತಿದೆವು. ಮೇಲೊಂದು ಗುಡಿಸಲು. ಬಾಗಿಲಲ್ಲಿ ಆಟದವರೇ ಕೂರಿಸಿದ ಒಬ್ಬ ಮುದುಕಪ್ಪ ಚಪ್ಪಲಿ ಹೊಲಿಯುತ್ತಿದ್ದ. ಹತ್ತಿರ ಹೋದರೆ ತಲೆಯೆತ್ತಿ, "ಬಂದ್ರಾ? ಸ್ವಲ್ಪ ಕೂತ್ಕೊಳ್ಳಿ" ಎಂದ. ಅಷ್ಟೇ. ಕತ್ತಿ ಕೊಡಲಿಲ್ಲ, ಕೆಲಸ ಹೇಳಲಿಲ್ಲ. ಅವನ ಕೈಯಲ್ಲಿ ಸೂಜಿ ಮಾತ್ರ ಸರಿಯಾಗಿ ಹೋಗಿ ಬರುತ್ತಿತ್ತು, ಟಾಕಿಗೊಮ್ಮೆ ದಾರ ಎಳೆಯುತ್ತಿದ್ದ. ಕಂಪನಿಯ ಯಾರೋ ಒಬ್ಬರು ಎಂದೋ ಕೂತು ಇದನ್ನು ಮಾಡಿದ್ದಾರೆ. ಹೊಲಿಗೆ ಗೊತ್ತಿದ್ದವರು. ಇಷ್ಟು ವರ್ಷ ಯಾರೂ ಹತ್ತಿ ಬರದೆ ಈ ಮುದುಕ ಹೊಲಿಯುತ್ತಲೇ ಇದ್ದ. ಸ್ವಲ್ಪ ಹೊತ್ತು ಕೂತೆವು. ತಮ್ಮನೂ ಬಾಯಿ ಮುಚ್ಚಿಕೊಂಡಿದ್ದ.

ಈಗ ಬರೆಯುವಾಗ ನೆನಪಾಯಿತು, ಪಡೆಮನೆ ಮೊನ್ನೆಯೇ ಹೋಗಿರಬೇಕು. ನೋಡಲು ಮರೆತೆ. ಬೆಳ್ಳಿ ಸುತ್ತಿಗೆಯನ್ನು ಹೊರಗೆ ತೆಗೆದಿಟ್ಟೆನೋ ಇಲ್ಲವೋ ಅದೂ ಜ್ಞಾಪಕವಿಲ್ಲ, ಬೇಕರಿಯವಳನ್ನು ಕೇಳಬೇಕು.

ಬೆಟ್ಟ ಇಳಿದ ಮೇಲೆ ನಾನು ನೀರು ಕುಡಿಯಲು ಕೂತೆ. ಹುಡುಗಿಗೆ ಎಷ್ಟು ಹೇಳಿದರೂ ಅಷ್ಟೇ, ತೋಳಗಳ ಮಧ್ಯಕ್ಕೆ ನುಗ್ಗಿಯೇ ಬಿಟ್ಟಳು. ಪಟ್ಟಿ ಧೊಪ್ಪೆಂದು ಅರ್ಧಕ್ಕೆ ಬಿತ್ತು, ಇನ್ನೂ ಇಳಿಯಿತು. ನಾನು ಮೊಣಕಾಲು ನೋವಿನವಳು, ಆಟದಲ್ಲೂ ನನಗೆ ಏಳಲು ತಡ. ಅಷ್ಟರಲ್ಲಿ ಕಿವಿಯಲ್ಲಿ ತಮ್ಮನ ಧ್ವನಿ ಬಂತು, ನನಗಲ್ಲ, ಅವಳಿಗೆ:

"ಹಿಂದೆ ಸರಿ, ತಿರುಗಿ ನಿಂತ್ಕೋ. ಅಕ್ಕ ಬರ್ಲಿ."